ವಾಲ್ವ್ ಆಪರೇಷನ್ ಜೊತೆಗೇ ತಾಳ ತಪ್ಪಿದ ಎದೆಬಡಿತವನ್ನೂ ಸರಿಮಾಡಬಹುದಾ?

ಕಳೆದ ಸಂಚಿಕೆಯಲ್ಲಿ ಎಎಫ್ ಬಗ್ಗೆ, ಅಂದರೆ ಹೃದಯದ ಮೇಲಿನ ಕೋಣೆಗಳು ತಾಳ ತಪ್ಪಿ ಅದುರುವ ಕಾಯಿಲೆ ಬಗ್ಗೆ, ನಾಲ್ಕು ಸಾಲು ಬರೆದಿದ್ದೆ. ಆಮೇಲೆ ಬಂದ ಪತ್ರಗಳಲ್ಲಿ ಕೊಡಗಿನವೇ ಜಾಸ್ತಿ. ಬರೆದವರ ಮನೆಯಲ್ಲಿ ಯಾರಿಗೋ ವಾಲ್ವ್ ಆಪರೇಷನ್ನೋ ಬೈಪಾಸೋ ಆಗಬೇಕಿದೆ, ಅದರ ಜೊತೆಗೆ ಎಎಫ್ ಕೂಡ ಇದೆ. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟು ಇದೊಂದನ್ನೇ ತೆಗೆದುಕೊಂಡಿದ್ದೇನೆ. ನಾನು ಆಪರೇಷನ್ ಮಾಡುವವನಲ್ಲ. ಮಾಡಿಸಿಕೊಂಡು ಊರಿಗೆ ಬಂದವರನ್ನು ವರ್ಷಗಟ್ಟಲೆ ನೋಡಿಕೊಳ್ಳುವ ಫಿಜಿಷಿಯನ್. ಆ ಕಡೆಯಿಂದ ಕಂಡಿದ್ದನ್ನು ಬರೆಯುತ್ತಿದ್ದೇನೆ.

ಪ್ರಶ್ನೆ: ಡಾಕ್ಟ್ರೇ, ಅಮ್ಮತ್ತಿ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಅವ್ವನಿಗೆ 54 ವರ್ಷ. ಎರಡು ವರ್ಷದಿಂದ ತೋಟದ ಏರು ಹತ್ತಿದರೆ ಏದುಸಿರು, ಎದೆ ಡವಡವ ಅನ್ನುತ್ತದೆ. ಎಕೋದಲ್ಲಿ ಮೈಟ್ರಲ್ ವಾಲ್ವ್ ಕಿರಿದಾಗಿದೆ, ಲೀಕ್ ಕೂಡ ಇದೆ, ಎಡ ಮೇಲ್ಕೋಣೆ 5.2 ಸೆಂ.ಮೀ. ಆಗಿದೆ ಅಂತ ಬಂದಿದೆ. ಇಸಿಜಿಯಲ್ಲಿ ಎಎಫ್. ಮೈಸೂರಿನಲ್ಲಿ ವಾಲ್ವ್ ಬದಲಿಸಲು ದಿನ ಕೊಟ್ಟಿದ್ದಾರೆ. ‘ಜೊತೆಗೆ ಮೇಜ್ ಅನ್ನುವುದನ್ನೂ ಮಾಡಬಹುದು, ಮನೆಯಲ್ಲಿ ಯೋಚಿಸಿ ಹೇಳಿ’ ಅಂದರು ಸರ್ಜನ್. ಕಾಯಿಲೆ ವಾಲ್ವಿನದು ತಾನೇ? ಅದು ಸರಿಯಾದರೆ ಬಡಿತ ತಾನಾಗಿ ಸರಿಹೋಗಲ್ವಾ? ಸುಮ್ನೆ ಇನ್ನೊಂದು ಗಾಯ ಯಾಕೆ ಅಂತ ಅಪ್ಪ ಹೇಳುತ್ತಾರೆ. ಏನು ಮಾಡಲಿ? (ಹೆಸರು ಬೇಡ, ಅಮ್ಮತ್ತಿ)

ಉತ್ತರ: ಮೇಜ್ ಅಂದರೆ ತಾಳ ತಪ್ಪಿದ ಬಡಿತವನ್ನು ಸರಿಮಾಡುವ ಆಪರೇಷನ್. ನಿಮ್ಮ ಸರ್ಜನ್ ತಾವೇ ಈ ಮಾತು ಎತ್ತಿದ್ದು ಕೇಳಿ ನನಗೆ ಸಂತೋಷ ಆಯಿತು. ಎಷ್ಟೋ ಮನೆಯವರಿಗೆ ಹೀಗೊಂದು ದಾರಿ ಇತ್ತು ಅಂತ ಗೊತ್ತಾಗುವುದೇ ಎದೆ ಹೊಲಿದು ಮನೆಗೆ ಬಂದ ಮೇಲೆ.

ಅಪ್ಪನ ಪ್ರಶ್ನೆ ನ್ಯಾಯವಾದದ್ದೇ. ವಾಲ್ವ್ ಸರಿಯಾದರೆ ಕೆಲವರ ಬಡಿತ ತಾನಾಗಿ ಸರಿಹೋಗುತ್ತದೆ. ಹೆಚ್ಚಿನವರದ್ದು ಹೋಗುವುದಿಲ್ಲ. ಮೈಟ್ರಲ್ ಅಂದರೆ ಎಡ ಮೇಲ್ಕೋಣೆಗೂ ಎಡ ಕೆಳಕೋಣೆಗೂ ನಡುವಿನ ವಾಲ್ವ್. ಕಿರಿದಾದ ಆ ವಾಲ್ವಿನ ಹಿಂದೆ ರಕ್ತ ಒತ್ತಿ ನಿಂತು ಎಡ ಮೇಲ್ಕೋಣೆ ವರ್ಷಗಟ್ಟಲೆ ಹಿಗ್ಗಿರುತ್ತದೆ, ಹಿಗ್ಗಿದ ಗೋಡೆಯೊಳಗೆ ನಾರು ಬೆಳೆದಿರುತ್ತದೆ. ಅಂಥ ಗೋಡೆಯಲ್ಲಿ ಕರೆಂಟ್ ನೆಟ್ಟಗೆ ಹರಿಯುವುದಿಲ್ಲ. ಇದ್ದಲ್ಲೇ ಸುತ್ತುತ್ತದೆ, ಕವಲೊಡೆಯುತ್ತದೆ, ನಿಮಿಷಕ್ಕೆ 300ರಿಂದ 600 ಸಲ ಆ ಕೋಣೆಯನ್ನು ಅದುರಿಸುತ್ತದೆ. ಹೊಸ ವಾಲ್ವ್ ಬಂದರೆ ಒತ್ತಡ ಇಳಿಯುತ್ತದೆ, ನಾರು ಅಲ್ಲೇ ಇರುತ್ತದೆ.

ಅಮೆರಿಕ, ಕೆನಡಾದ ಆಸ್ಪತ್ರೆಗಳು ಸೇರಿ ಇದನ್ನು ಪರೀಕ್ಷೆ ಮಾಡಿ ನೋಡಿ 2015ರಲ್ಲಿ ಪ್ರಕಟಿಸಿದರು. ಎಎಫ್ ಇದ್ದು ಮೈಟ್ರಲ್ ವಾಲ್ವ್ ಆಪರೇಷನ್ ಆಗಬೇಕಿದ್ದ 260 ಜನರಲ್ಲಿ ಅರ್ಧ ಜನಕ್ಕೆ ವಾಲ್ವ್ ಮಾತ್ರ, ಇನ್ನರ್ಧಕ್ಕೆ ವಾಲ್ವ್ ಜೊತೆ ಬಡಿತದ ಚಿಕಿತ್ಸೆಯೂ. ಆರು ತಿಂಗಳಾದ ಮೇಲೆ ಒಂದು ಸಲ, ವರ್ಷವಾದ ಮೇಲೆ ಇನ್ನೊಂದು ಸಲ ನೋಡಿದಾಗ ಎರಡೂ ಸಲ ಎಎಫ್ ಇಲ್ಲದವರು ಮೊದಲ ಗುಂಪಿನಲ್ಲಿ 100ಕ್ಕೆ 29, ಎರಡನೆಯದರಲ್ಲಿ 63. ಸಾವಿನ ಲೆಕ್ಕದಲ್ಲಿ ವ್ಯತ್ಯಾಸ ಇರಲಿಲ್ಲ. ಅಂದರೆ ಜೊತೆಗೆ ಮಾಡಿದ್ದರಿಂದ ಜೀವಕ್ಕೆ ಅಪಾಯ ಜಾಸ್ತಿ ಆಗಲಿಲ್ಲ, ಬಡಿತ ಸರಿಯಾದವರು ಎರಡು ಪಟ್ಟಿಗಿಂತ ಹೆಚ್ಚು. ಅಮೆರಿಕದ ಎದೆ ಶಸ್ತ್ರಚಿಕಿತ್ಸಕರ ಸಂಘ 2017ರಲ್ಲಿ, ಯುರೋಪಿನ ಹೃದ್ರೋಗ ತಜ್ಞರ ಸಂಘ 2024ರಲ್ಲಿ, ಮೈಟ್ರಲ್ ಆಪರೇಷನ್ ಆಗುವ ಎಎಫ್ ರೋಗಿಗಳಿಗೆ ಇದನ್ನು ಜೊತೆಗೇ ಮಾಡಿ ಅಂತ ಗಟ್ಟಿಯಾಗಿಯೇ ಹೇಳಿವೆ.

ಹಾಗಾದರೆ ಒಳಗೆ ಏನು ಮಾಡುತ್ತಾರೆ? ಬೇಸಿಗೆ ಬರುವ ಮುಂಚೆ ನಾಗರಹೊಳೆ ಕಡೆ ಅರಣ್ಯ ಇಲಾಖೆಯವರು ಬೆಂಕಿ ರೇಖೆ ಮಾಡುವುದನ್ನು ನೀವು ನೋಡಿರುತ್ತೀರಿ. ಕಾಡಿನ ಮಧ್ಯೆ ಉದ್ದಕ್ಕೆ ಒಂದು ಪಟ್ಟಿಯನ್ನು ಸವರಿ, ಸುಟ್ಟು, ಬೋಳು ಮಾಡಿಬಿಡುತ್ತಾರೆ. ಒಂದು ಕಡೆ ಹತ್ತಿದ ಬೆಂಕಿ ಆ ಪಟ್ಟಿ ತನಕ ಬಂದು ನಿಲ್ಲುತ್ತದೆ, ದಾಟಲು ಅಲ್ಲಿ ಹುಲ್ಲೇ ಇಲ್ಲ. ಮೇಜ್ ಅಂದರೆ ಮೇಲ್ಕೋಣೆಯ ಗೋಡೆಯಲ್ಲಿ ಅಂಥ ರೇಖೆಗಳನ್ನು ಎಳೆಯುವುದು. ಶ್ವಾಸಕೋಶದಿಂದ ರಕ್ತ ತರುವ ನಾಲ್ಕು ನಾಳಗಳು ಬಂದು ಸೇರುವ ಜಾಗದ ಸುತ್ತ ಒಂದು ಬೇಲಿ, ಅಲ್ಲಿಂದ ವಾಲ್ವಿನ ಅಂಚಿನ ತನಕ ಒಂದು ರೇಖೆ, ಬಲ ಮೇಲ್ಕೋಣೆಯಲ್ಲಿ ಇನ್ನೂ ಕೆಲವು. ರೇಖೆ ಎಳೆದ ಕಡೆ ಮಾಂಸ ಸತ್ತು ಗಾಯದ ಕಲೆಯಾಗುತ್ತದೆ. ಕಲೆಯಲ್ಲಿ ಕರೆಂಟ್ ಹರಿಯಲ್ಲ. ಸುತ್ತುವುದಕ್ಕೆ ಜಾಗ ಸಿಗದೆ ಆ ಅಡ್ಡಾದಿಡ್ಡಿ ಕರೆಂಟ್ ನಿಲ್ಲುತ್ತದೆ. ಸರಿಯಾದ ಸಿಗ್ನಲ್ ಮಾತ್ರ ಮೇಲಿನಿಂದ ಕೆಳಕ್ಕೆ ಇಳಿಯುವ ಹಾಗೆ ಒಂದು ದಾರಿ ಬಿಟ್ಟಿರುತ್ತಾರೆ.

1987ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಜೇಮ್ಸ್ ಕಾಕ್ಸ್ ಎಂಬ ಸರ್ಜನ್ ಇದನ್ನು ಮೊದಲು ಮಾಡಿದಾಗ ಪ್ರತಿ ರೇಖೆಯನ್ನೂ ಕತ್ತರಿಸಿ ಮತ್ತೆ ಹೊಲಿಯಬೇಕಿತ್ತು. ಚೆನ್ನಾಗಿ ಕೆಲಸ ಮಾಡಿತು, ಆದರೆ ಬಹಳ ಹೊತ್ತು ಹಿಡಿಯುತ್ತಿತ್ತು, ರಕ್ತಸ್ರಾವದ ಭಯ ಬೇರೆ, ಹಾಗಾಗಿ ಕೈಹಾಕುವ ಸರ್ಜನ್‌ಗಳೇ ಕಡಿಮೆ ಇದ್ದರು. ಈಗ ಹೆಚ್ಚಿನ ಕಡೆ ಕತ್ತರಿ ಇಲ್ಲ. ಚಿಮುಟದಂಥ ಉಪಕರಣದಲ್ಲಿ ಗೋಡೆಯನ್ನು ಹಿಡಿದು ರೇಡಿಯೋ ಫ್ರೀಕ್ವೆನ್ಸಿ ಶಾಖ ಕೊಡುತ್ತಾರೆ, ಅಥವಾ ಬಾಗುವ ಲೋಹದ ಕಡ್ಡಿಯನ್ನು ಒಳಗಿನಿಂದ ಇಟ್ಟು ಎರಡು ಮೂರು ನಿಮಿಷ ಹೆಪ್ಪುಗಟ್ಟಿಸುತ್ತಾರೆ. ಅಷ್ಟರಲ್ಲಿ ಕಡ್ಡಿಯ ಮೇಲೆ ಬೆಳ್ಳಗೆ ಮಂಜು ಕೂತಿರುತ್ತದೆ. ವಾಲ್ವ್ ಬದಲಿಸಲು ಎಡ ಮೇಲ್ಕೋಣೆಯನ್ನು ಹೇಗೂ ತೆರೆದಿರುತ್ತಾರೆ, ಹೃದಯ ನಿಂತಿರುತ್ತದೆ, ಮೆಷಿನ್ ರಕ್ತ ಓಡಿಸುತ್ತಿರುತ್ತದೆ. ಅದೇ ಗಾಯ, ಅದೇ ಮೆಷಿನ್, ಇನ್ನೊಂದು ಅರ್ಧ ಗಂಟೆ ಆಸುಪಾಸು. ‘ಇನ್ನೊಂದು ಗಾಯ’ ಅಂತ ಅಪ್ಪ ಹೆದರಿದ್ದಾರಲ್ಲ, ಎದೆಯ ಮೇಲೆ ಎರಡನೇ ಗಾಯ ಇರುವುದಿಲ್ಲ ಅಂತ ಅವರಿಗೆ ಹೇಳಿ.

ತೊಂದರೆಯೇ ಇಲ್ಲ ಅಂತ ನಾನು ಹೇಳಲಾರೆ. ಅದೇ 2015ರ ಅಧ್ಯಯನದಲ್ಲಿ, 100 ಜನರನ್ನು ಒಂದು ವರ್ಷ ನೋಡಿದ ಲೆಕ್ಕಕ್ಕೆ, ಬಡಿತದ ಚಿಕಿತ್ಸೆ ಆದವರಲ್ಲಿ ಸುಮಾರು 21 ಪೇಸ್‌ಮೇಕರ್, ಆಗದವರಲ್ಲಿ 8. ವರ್ಷಗಟ್ಟಲೆ ಎಎಫ್ ಸದ್ದಿನಲ್ಲಿ ಮುಚ್ಚಿಹೋಗಿದ್ದ ಹೃದಯದ ಸ್ವಂತ ಪೇಸರ್ ಕೆಲವರಲ್ಲಿ ಸುಸ್ತಾಗಿರುತ್ತದೆ, ಎಎಫ್ ನಿಂತ ಮೇಲೆ ಆ ಸುಸ್ತು ಬಯಲಿಗೆ ಬರುತ್ತದೆ. ಕೆಲವರಲ್ಲಿ ಆಪರೇಷನ್ನಿನಿಂದಲೇ ಸಿಗ್ನಲ್ ದಾರಿಗೆ ಪೆಟ್ಟು ಬೀಳುತ್ತದೆ. ಕಿಡ್ನಿ ತೀರಾ ಹಾಳಾಗಿದ್ದರೆ, ಹೃದಯದ ಪಂಪಿಂಗ್ ತೀರಾ ಕಮ್ಮಿ ಇದ್ದರೆ, ಆ ಅರ್ಧ ಗಂಟೆಯೂ ಬೇಡ ಅಂತ ಸರ್ಜನ್ ತೀರ್ಮಾನಿಸಬಹುದು. ಅದು ಅವರಿಗೆ ಬಿಟ್ಟಿದ್ದು.

ಫಲ ಸಿಗುವುದು ಎರಡು ವಿಷಯದ ಮೇಲೆ ನಿಂತಿದೆ: ಎಎಫ್ ಎಷ್ಟು ಹಳೆಯದು, ಮೇಲ್ಕೋಣೆ ಎಷ್ಟು ಹಿಗ್ಗಿದೆ. ಹತ್ತು ಹದಿನೈದು ವರ್ಷದ ಎಎಫ್, ಆರೂವರೆ ಏಳು ಸೆಂಟಿಮೀಟರ್ ಕೋಣೆ ಆಗಿದ್ದರೆ ನಾನು ಇಷ್ಟು ಉತ್ಸಾಹದಿಂದ ಬರೆಯುತ್ತಿರಲಿಲ್ಲ. ಅವ್ವನದು ಎರಡು ವರ್ಷ, 5.2. ನನ್ನ ಅಕ್ಕನಿಗೆ ಇದೇ ರಿಪೋರ್ಟ್ ಬಂದಿದ್ದರೆ ಮಾಡಿಸಿ ಅನ್ನುತ್ತಿದ್ದೆ.

ಇನ್ನೊಂದು ವಿಷಯ ಇದೆ, ನನ್ನ ಮನಸ್ಸಿಗೆ ಬಡಿತಕ್ಕಿಂತ ಇದು ದೊಡ್ಡದು. ಎಡ ಮೇಲ್ಕೋಣೆಯ ಪಕ್ಕಕ್ಕೆ ಹೆಬ್ಬೆರಳಿನಷ್ಟು ಒಂದು ಪುಟ್ಟ ಚೀಲ ಜೋತುಬಿದ್ದಿರುತ್ತದೆ. ಅಪೆಂಡೇಜ್ ಅಂತಾರೆ. ಕೋಣೆ ಅದುರುತ್ತಿದ್ದರೆ ಆ ಚೀಲದಲ್ಲಿ ರಕ್ತ ಹರಿಯದೆ ನಿಲ್ಲುತ್ತದೆ, ನಿಂತ ರಕ್ತ ಗಡ್ಡೆ ಕಟ್ಟುತ್ತದೆ, ಗಡ್ಡೆ ಕಿತ್ತು ಮೆದುಳಿಗೆ ಹೋದರೆ ಲಕ್ವ. ವಾಲ್ವ್ ಆಪರೇಷನ್ ವೇಳೆ ಆ ಚೀಲದ ಬಾಯಿ ಸರ್ಜನ್ ಕಣ್ಣೆದುರೇ ಇರುತ್ತದೆ. ಒಳಗಿನಿಂದ ಎರಡು ಸಾಲು ಹೊಲಿಗೆ ಹಾಕಿದರೆ, ಅಥವಾ ಕತ್ತರಿಸಿ ಹೊಲಿದರೆ, ಬಾಯಿ ಮುಚ್ಚಿತು.

ಹಲವು ವರ್ಷದ ಹಿಂದೆ ನನ್ನ ಹತ್ತಿರ ಒಬ್ಬ ತಾಯಿ ಬರುತ್ತಿದ್ದರು. ಬೇರೆ ಊರಿನ ಒಂದು ಆಸ್ಪತ್ರೆಯಲ್ಲಿ ವಾಲ್ವ್ ಬದಲಾಗಿತ್ತು, ಚೆನ್ನಾಗಿಯೇ ಆಗಿತ್ತು. ಎಎಫ್ ಮೊದಲೇ ಇತ್ತು. ಅದಕ್ಕೆ ಏನೂ ಮಾಡಿರಲಿಲ್ಲ, ಚೀಲವನ್ನೂ ಮುಚ್ಚಿರಲಿಲ್ಲ, ಅದರ ಮಾತೇ ಬಂದಿರಲಿಲ್ಲ ಅಂತ ಮಗ ಹೇಳಿದ. ಒಂದು ಮಳೆಗಾಲ ರಸ್ತೆ ಕುಸಿದು ಪೇಟೆಗೆ ಬರಲಾಗದೆ ರಕ್ತ ತೆಳು ಮಾಡುವ ಮಾತ್ರೆ ಹತ್ತು ಹನ್ನೆರಡು ದಿನ ತಪ್ಪಿತು. ಬೆಳಿಗ್ಗೆ ಅಕ್ಕಿ ರೊಟ್ಟಿ ತಟ್ಟುತ್ತಾ ಕೂತವರ ಬಲಗೈ ಹಿಟ್ಟಿನ ಮೇಲೇ ನಿಂತುಹೋಯಿತು, ಮಾತು ತೊದಲಿತು. ಈಗಲೂ ಅವರು ಎಡಗೈಯಲ್ಲೇ ಊಟ ಮಾಡುತ್ತಾರೆ. ಅವರ ಮಣಿಕಟ್ಟು ಹಿಡಿದಾಗಲೆಲ್ಲ, ಒಂದು ದೊಡ್ಡ ಬಡಿತ, ಎರಡು ಸಣ್ಣ, ಒಂದು ಖಾಲಿ, ಮತ್ತೆ ಒಂದು ದೊಡ್ಡ, ಹೀಗೆ ಬೆರಳಿಗೆ ತಾಗುವಾಗ, ಎದೆ ತೆರೆದಿದ್ದ ದಿನ ಆ ನಾಲ್ಕು ಹೊಲಿಗೆ ಬಿದ್ದಿದ್ದರೆ ಅಂತ ಅನ್ನಿಸದೆ ಇರಲ್ಲ. ಹೊಲಿದಿದ್ದರೆ ಖಂಡಿತ ತಪ್ಪುತ್ತಿತ್ತು ಅಂತ ಯಾರೂ ಹೇಳಲಾಗದು, ಮಾತ್ರೆಯೂ ತಪ್ಪಿತ್ತು ನೋಡಿ. ಆದರೆ ತಪ್ಪುವ ಸಾಧ್ಯತೆ ಜಾಸ್ತಿ ಇತ್ತು. ನಮ್ಮಲ್ಲಿ ಇದು ಇನ್ನೂ ಮುಖ್ಯ. ಲಕ್ವ ಹೊಡೆದವರಿಗೆ ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಡಲು ಇರುವುದು ನಾಲ್ಕೂವರೆ ಗಂಟೆ. ಮಡಿಕೇರಿಯಿಂದ ಮೈಸೂರಿಗೇ 120 ಕಿ.ಮೀ. ಆಸುಪಾಸು, ಒಳಗಿನ ಊರುಗಳಿಂದ ಮಡಿಕೇರಿಗೆ ಬರುವುದು ಬೇರೆ.

ಆದ್ದರಿಂದ ನೀವು ಸರ್ಜನ್ ಹತ್ತಿರ ಮೂರು ಮಾತು ಬಿಡಿಸಿ ಕೇಳಿ. ಎರಡೂ ಮೇಲ್ಕೋಣೆಗೆ ಮೇಜ್ ಮಾಡುತ್ತೀರಾ, ಎಡದ್ದಕ್ಕೆ ಮಾತ್ರವಾ? ಚೀಲವನ್ನು ಹೇಗೆ ಮುಚ್ಚುತ್ತೀರಿ, ಪೂರ್ತಿ ಮುಚ್ಚಿದೆಯಾ ಅಂತ ಅಲ್ಲೇ ಗಂಟಲೊಳಗೆ ಇಳಿಸುವ ಎಕೋದಲ್ಲಿ ನೋಡುತ್ತೀರಾ? ಇಂಥ ಕೇಸು ನೀವು ಎಷ್ಟು ಮಾಡಿದ್ದೀರಿ? ಕೊನೆಯದನ್ನು ಕೇಳಲು ಸಂಕೋಚ ಬೇಡ. ಚೆನ್ನಾಗಿ ಮಾಡುವವರು ಬೇಜಾರಾಗುವುದಿಲ್ಲ.

ಆಪರೇಷನ್ ಜನವರಿಗೆ ಆದರೆ ರೋಬಸ್ಟಾ ಕೊಯ್ಲು ನಡೆಯುತ್ತಿರುತ್ತದೆ, ಗೊತ್ತು. ಎದೆಮೂಳೆ ಕೂಡಿಕೊಳ್ಳಲು ಮೂರು ತಿಂಗಳು ಬೇಕು. ಅವ್ವ ಕಣದ ಕಡೆ ಬಂದು ಕೂರಲಿ, ಒಂದು ಬುಟ್ಟಿಯನ್ನೂ ಎತ್ತಬಾರದು.

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ಅಪ್ಪನಿಗೆ 68, ಬೈಪಾಸ್ ಆಗಬೇಕು. ಎಎಫ್ ಆಗಾಗ ಬಂದು ಹೋಗುತ್ತದೆ. ವಾಲ್ವ್ ಸರಿ ಇದೆ. ಹೃದಯ ನಿಲ್ಲಿಸದೆ ಬೈಪಾಸ್ ಮಾಡುತ್ತೇವೆ ಅಂದಿದ್ದಾರೆ. ಅವರಿಗೂ ಈ ಮೇಜ್ ಬೇಕಾ? ನಮ್ಮದು ಬಿಪಿಎಲ್ ಕಾರ್ಡು, ಜಾಸ್ತಿ ದುಡ್ಡು ಹಾಕಲಾಗದು. (ಸೋಮವಾರಪೇಟೆ)

ಉತ್ತರ: ಬೈಪಾಸ್‌ನಲ್ಲಿ ಲೆಕ್ಕ ಸ್ವಲ್ಪ ಬೇರೆ. ಪೂರ್ತಿ ಮೇಜ್ ಮಾಡಲು ಎಡ ಮೇಲ್ಕೋಣೆ ತೆರೆಯಬೇಕು. ಬೈಪಾಸ್ ನಡೆಯುವುದು ಹೃದಯದ ಹೊರಮೈಯಲ್ಲಿ, ಅದಕ್ಕೆ ಕೋಣೆ ತೆರೆಯುವುದಿಲ್ಲ. ಬಡಿಯುತ್ತಿರುವ ಹೃದಯದ ಮೇಲೆ ಮಾಡುವುದಾದರೆ ತೆರೆಯಲು ಆಗುವುದೂ ಇಲ್ಲ. ಆದರೆ ಬಂದು ಹೋಗುವ ಎಎಫ್‌ನ ಕಿಡಿ ಹೆಚ್ಚಾಗಿ ಹೊರಡುವುದು ಶ್ವಾಸಕೋಶದ ನಾಳಗಳ ಬಾಯಲ್ಲಿ. ಅದನ್ನು 1998ರಲ್ಲಿ ಫ್ರಾನ್ಸಿನ ಬೋರ್ಡೋದ ವೈದ್ಯರು ತೋರಿಸಿಕೊಟ್ಟರು. ಆ ನಾಳಗಳ ಸುತ್ತ ಹೊರಗಿನಿಂದಲೇ ಚಿಮುಟ ಹಾಕಿ ಶಾಖ ಕೊಡಬಹುದು. ಅಪ್ಪನಂಥವರಿಗೆ ಅಷ್ಟು ಸಾಕಾಗಬಹುದು. ಮಾಡುವ ಅನುಭವ ಆ ತಂಡಕ್ಕೆ ಇದೆಯಾ ಅಂತ ಕೇಳಿ.

ಚೀಲದ ವಿಷಯವನ್ನು ಮಾತ್ರ ಬಿಡಬೇಡಿ. 27 ದೇಶಗಳ 4,811 ಜನರ ಮೇಲೆ ನಡೆದ ದೊಡ್ಡ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ಎಲ್ಲರಿಗೂ ಎಎಫ್ ಇತ್ತು, ಎಲ್ಲರಿಗೂ ಬೇರೆ ಯಾವುದೋ ಹೃದಯದ ಆಪರೇಷನ್ ಆಗಬೇಕಿತ್ತು. ಅರ್ಧ ಜನಕ್ಕೆ ಚೀಲ ಮುಚ್ಚಿದರು, ಅರ್ಧ ಜನಕ್ಕೆ ಬಿಟ್ಟರು. ಸರಾಸರಿ 3.8 ವರ್ಷ ನೋಡಿದಾಗ ಲಕ್ವ ಅಥವಾ ಬೇರೆ ಕಡೆ ಗಡ್ಡೆ ಸಿಕ್ಕಿಕೊಂಡಿದ್ದು, ಮುಚ್ಚದವರಲ್ಲಿ 100ಕ್ಕೆ 7, ಮುಚ್ಚಿದವರಲ್ಲಿ 4.8. ಇವರಲ್ಲಿ ಹೆಚ್ಚಿನವರು ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಲೇ ಇದ್ದರು ಅನ್ನುವುದು ಗಮನಿಸಿ. ಮಾತ್ರೆ ಕೊಡುವ ರಕ್ಷಣೆಯ ಮೇಲೆ ಇದು ಇನ್ನೊಂದು ರಕ್ಷಣೆ. ಹೃದಯ ನಿಲ್ಲಿಸದೆ ಮಾಡುವಾಗಲೂ ಹೊರಗಿನಿಂದ ಕ್ಲಿಪ್ ಅಥವಾ ಸ್ಟೇಪ್ಲರ್ ಹಾಕಲು ಬರುತ್ತದೆ.

ದುಡ್ಡಿನ ಮಾತು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಚಿಕಿತ್ಸೆ ಇದೆ. ಆದರೆ ಪ್ಯಾಕೇಜ್ ಅಂದರೆ ಇಷ್ಟಕ್ಕೆ ಇಷ್ಟು ಅಂತ ಕಟ್ಟಿರುತ್ತಾರೆ. ಕ್ಲಿಪ್, ಶಾಖದ ಚಿಮುಟ, ಹೆಪ್ಪುಗಟ್ಟಿಸುವ ಕಡ್ಡಿ ಇವೆಲ್ಲ ಬೆಲೆಬಾಳುವ ಸಾಮಾನು. ಅವು ಪ್ಯಾಕೇಜಿನೊಳಗೆ ಬರುತ್ತವಾ, ಹೊರಗಿನಿಂದ ತರಬೇಕಾ ಅಂತ ಅಡ್ಮಿಟ್ ಆಗುವ ಮುಂಚೆಯೇ ಆಸ್ಪತ್ರೆಯ ಆರೋಗ್ಯಮಿತ್ರರ ಹತ್ತಿರ ಕೂತು ಕೇಳಿ. ದುಬಾರಿ ಸಾಮಾನು ಸಿಗದಿದ್ದರೆ, ಬರೀ ನೂಲಿನಲ್ಲಿ ಚೀಲ ಮುಚ್ಚಲು ಅಪ್ಪನ ಕೇಸಿನಲ್ಲಿ ಸಾಧ್ಯವಾ ಅಂತಲೂ ಕೇಳಿ.

ಇನ್ನೊಂದು, ಆಮೇಲೆ ಗಾಬರಿ ಆಗಬಾರದು ಅಂತ ಹೇಳುತ್ತಿದ್ದೇನೆ. ಬೈಪಾಸ್ ಆದ ಎರಡನೇ ದಿನದಿಂದ ನಾಲ್ಕನೇ ದಿನದೊಳಗೆ ಮೂರರಲ್ಲಿ ಒಬ್ಬರಿಗೆ ಎಎಫ್ ಬರುವುದುಂಟು, ಹಿಂದೆ ಎಂದೂ ಇಲ್ಲದವರಿಗೂ. ಹೆಚ್ಚಿನವರದ್ದು ಔಷಧಿಯಲ್ಲಿ ಕೆಲವೇ ದಿನ, ವಾರಗಳಲ್ಲಿ ಇಳಿಯುತ್ತದೆ.

ಪ್ರಶ್ನೆ: ನನಗೆ 47. ಎರಡು ತಿಂಗಳ ಹಿಂದೆ ವಾಲ್ವ್ ರಿಪೇರಿ ಜೊತೆ ಮೇಜ್ ಮಾಡಿಸಿಕೊಂಡೆ. ಮೊದಲ ಮೂರು ವಾರ ಬಡಿತ ಸರಿ ಇತ್ತು. ಈಗ ಮತ್ತೆ ಎಎಫ್ ಬಂದಿದೆ. ಎಲ್ಲ ನೀರಿನಲ್ಲಿ ಹೋಮ ಆಯ್ತಾ? ರಾತ್ರಿ ನಿದ್ದೆ ಬರ್ತಿಲ್ಲ. (ಗೋಣಿಕೊಪ್ಪ)

ಉತ್ತರ: ಇಲ್ಲ, ಇಲ್ಲ. ಎರಡು ತಿಂಗಳಿಗೆ ಏನೂ ತೀರ್ಮಾನ ಮಾಡಬೇಡಿ. ರೇಖೆ ಎಳೆದ ಕಡೆ ಮೊದಲು ಊತ ಇರುತ್ತದೆ, ಆ ಊತವೇ ಬಡಿತ ಕೆಡಿಸುತ್ತದೆ. ಗಟ್ಟಿ ಕಲೆಯಾಗಲು ಸಮಯ ಬೇಕು. ಅದಕ್ಕೇ ಮೊದಲ ಮೂರು ತಿಂಗಳಲ್ಲಿ ಬರುವ ಎಎಫ್ ಅನ್ನು ಸೋಲಿನ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಿಮ್ಮ ಹೃದ್ರೋಗ ತಜ್ಞರನ್ನು ಈ ವಾರವೇ ಕಾಣಿ, ಮುಂದಿನ ತಿಂಗಳಿಗೆ ಮುಂದೂಡಬೇಡಿ. ಅಮಿಯೋಡರೋನ್‌ನಂಥ ಮಾತ್ರೆ ಕೊಡಬಹುದು, ಇಲ್ಲವೇ ಕ್ಷಣಕಾಲ ನಿದ್ದೆ ಬರಿಸಿ ಸಣ್ಣ ಶಾಕ್ ಕೊಟ್ಟು ತಾಳಕ್ಕೆ ತರಬಹುದು. ಒಂದು ಎಚ್ಚರಿಕೆ: ರಕ್ತ ತೆಳು ಮಾಡುವ ವಾರ್ಫರಿನ್ ಅಥವಾ ಅಸಿಟ್ರೋಮ್ ತೆಗೆದುಕೊಳ್ಳುತ್ತಿದ್ದು, ಅದರ ಮೇಲೆ ಅಮಿಯೋಡರೋನ್ ಶುರು ಮಾಡಿದರೆ ಐಎನ್‌ಆರ್, ಅಂದರೆ ರಕ್ತ ಎಷ್ಟು ತೆಳುವಾಗಿದೆ ಅಂತ ತೋರಿಸುವ ಪರೀಕ್ಷೆಯ ಅಂಕಿ, ಏರುತ್ತದೆ. ಕೆಲವು ವಾರ ಐಎನ್‌ಆರ್ ಪರೀಕ್ಷೆಯನ್ನು ಮಾಮೂಲಿಗಿಂತ ಬೇಗ ಬೇಗ ಮಾಡಿಸಲೇಬೇಕು.

ಬೆಳಿಗ್ಗೆ ಎದ್ದು ಕಾಫಿಗೆ ಮುಂಚೆ ಐದು ನಿಮಿಷ ಕೂತು, ಮೂರು ಬೆರಳಿನಲ್ಲಿ ಮಣಿಕಟ್ಟಿನ ನಾಡಿ ಹಿಡಿದು ಪೂರ್ತಿ ಒಂದು ನಿಮಿಷ ಎಣಿಸಿ. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ಎಎಫ್‌ನಲ್ಲಿ ಲೆಕ್ಕ ತಪ್ಪುತ್ತದೆ. ಎಷ್ಟು, ಸಮವಾಗಿದೆಯಾ ಇಲ್ಲವಾ, ಕ್ಯಾಲೆಂಡರಿನಲ್ಲೇ ಬರೆದಿಡಿ. ಆ ಬರಹ ಡಾಕ್ಟರಿಗೆ ಬಹಳ ಉಪಯೋಗಕ್ಕೆ ಬರುತ್ತದೆ. ಆರು ತಿಂಗಳು, ಒಂದು ವರ್ಷಕ್ಕೆ ಹೋಲ್ಟರ್, ಅಂದರೆ ದಿನವಿಡೀ ಇಸಿಜಿ ದಾಖಲಿಸುವ ಪುಟ್ಟ ಯಂತ್ರ, ಹಾಕಿಸಿ ನೋಡಿದ ಮೇಲೆಯೇ ಗೆದ್ದೆವಾ ಅಂತ ಹೇಳಲು ಬರುವುದು. ಆಗಲೂ ಎಲ್ಲೋ ಒಂದು ರೇಖೆಯಲ್ಲಿ ಕಿಂಡಿ ಉಳಿದಿದ್ದರೆ ತೊಡೆಯ ನಾಳದಿಂದ ಕ್ಯಾಥೆಟರ್ ಎಂಬ ಸಣ್ಣ ಕೊಳವೆ ಹಾಕಿ ಮುಚ್ಚಬಹುದು, ಮತ್ತೆ ಎದೆ ತೆರೆಯಬೇಕಿಲ್ಲ.

ಪ್ರಶ್ನೆ: ವಾಲ್ವ್, ಮೇಜ್, ಚೀಲದ ಹೊಲಿಗೆ ಮೂರೂ ಆಗಿ ಒಂದೂವರೆ ವರ್ಷ. ಬಡಿತ ಗಡಿಯಾರದ ಹಾಗೆ ಇದೆ. ಹಾಕಿದ್ದು ಲೋಹದ ವಾಲ್ವ್. ಇನ್ನಾದರೂ ರಕ್ತ ತೆಳು ಮಾಡುವ ಮಾತ್ರೆ ಬಿಡಬಹುದಾ? ಮಳೆಗಾಲದಲ್ಲಿ ಜಿಗಣೆ ಕಚ್ಚಿದರೆ ರಕ್ತ ನಿಲ್ಲುವುದೇ ಇಲ್ಲ. ಕಕ್ಕಡ ತಿಂಗಳಲ್ಲಿ ಮದ್ದು ಸೊಪ್ಪಿನ ಪಾಯಸ ತಿನ್ನಬಹುದಾ? (ಭಾಗಮಂಡಲ)

ಉತ್ತರ: ಬಿಡಬಾರದು. ಒಂದು ದಿನವೂ ಬೇಡ. ನಿಮ್ಮ ಮಾತ್ರೆ ಎಎಫ್‌ಗಾಗಿ ಮಾತ್ರ ಇದ್ದದ್ದಲ್ಲ, ಲೋಹದ ವಾಲ್ವ್ ಇರುವ ತನಕ, ಅಂದರೆ ಜೀವಮಾನ ಪೂರ್ತಿ, ವಾರ್ಫರಿನ್ ಜಾತಿಯ ಮಾತ್ರೆ ಬೇಕು. ಮೈಟ್ರಲ್ ಜಾಗದ ಲೋಹದ ವಾಲ್ವಿಗೆ ಐಎನ್‌ಆರ್ ಸಾಮಾನ್ಯವಾಗಿ 2.5ರಿಂದ 3.5ರ ನಡುವೆ ಇರಬೇಕು. ‘ರಕ್ತ ಪರೀಕ್ಷೆ ಬೇಡದ ಹೊಸ ಮಾತ್ರೆ’ ಬಗ್ಗೆ ಯಾರಾದರೂ ಹೇಳಿದರೆ ಲೋಹದ ವಾಲ್ವಿಗೆ ಅದು ಆಗದು ಅಂತ ನೆನಪಿಡಿ. ರುಮ್ಯಾಟಿಕ್ ಕಾಯಿಲೆಯಿಂದ ವಾಲ್ವ್ ಕಿರಿದಾಗಿ ಎಎಫ್ ಇರುವವರಲ್ಲಿ ಕೂಡ ಹಳೆಯ ಜಾತಿಯ ಮಾತ್ರೆಯೇ ಮೇಲು ಅಂತ 2022ರಲ್ಲಿ ಬಂದ ದೊಡ್ಡ ಅಧ್ಯಯನ ತೋರಿಸಿದೆ. ಪ್ರಾಣಿಜನ್ಯ ವಾಲ್ವ್ ಹಾಕಿಸಿಕೊಂಡವರ ಲೆಕ್ಕ ಬೇರೆ. ವಯಸ್ಸು, ಬಿಪಿ, ಶುಗರ್, ಹಿಂದೆ ಲಕ್ವ ಆಗಿತ್ತಾ ಅಂತೆಲ್ಲ ನೋಡಿ ಅವರ ಡಾಕ್ಟರ್ ತೀರ್ಮಾನಿಸುತ್ತಾರೆ.

ಮಳೆಗಾಲಕ್ಕೆ ಮುಂಚೆ, ಮೇ ಕೊನೆಯೊಳಗೆ, ಎರಡು ತಿಂಗಳ ಮಾತ್ರೆ ಮನೆಯಲ್ಲಿ ತಂದಿಡಿ. ತಲಕಾವೇರಿ, ಭಾಗಮಂಡಲದ ಮಳೆ ನಿಮಗೆ ನಾನು ಹೇಳಬೇಕಿಲ್ಲ.

ಸೊಪ್ಪಿನ ವಿಷಯ. ಹಸಿರು ಸೊಪ್ಪಿನಲ್ಲಿರುವ ಕೆ ವಿಟಮಿನ್ ಈ ಮಾತ್ರೆಯ ಕೆಲಸವನ್ನು ಎಳೆದು ಕಮ್ಮಿ ಮಾಡುತ್ತದೆ. ಸೊಪ್ಪೇ ತಿನ್ನಬಾರದು ಅಂತ ಹೆದರಿಸುವವರಿದ್ದಾರೆ, ಅದು ಸರಿಯಲ್ಲ. ವಾರವಾರವೂ ಹೆಚ್ಚುಕಮ್ಮಿ ಒಂದೇ ಅಳತೆ ತಿನ್ನಿ, ಅದಕ್ಕೆ ಮಾತ್ರೆ ಹೊಂದಿಸುತ್ತಾರೆ. ಒಂದು ವಾರ ಏನೂ ಇಲ್ಲ, ಇನ್ನೊಂದು ವಾರ ದಿನಾ ಕೆಸುವಿನ ಪತ್ರೊಡೆ ಅಂದರೆ ಐಎನ್‌ಆರ್ ಕುಣಿಯುತ್ತದೆ. ಮದ್ದು ಸೊಪ್ಪು ನಮ್ಮ ಮನೆಯಲ್ಲೂ ಮಾಡುತ್ತಾರೆ, ಕಕ್ಕಡ 18ರ ದಿನ ಅದರ ಪರಿಮಳ ಅಡುಗೆಮನೆಯಿಂದ ಅಂಗಳದ ತನಕ ಬರುತ್ತದೆ. ಲೋಹದ ವಾಲ್ವ್ ಇರುವವರಿಗೆ ನಾನು ಹೇಳುವುದು, ಆ ದಿನದ ಪದ್ಧತಿಗೆ ಒಂದೆರಡು ಚಮಚ ಬಾಯಿಗೆ ಹಾಕಿಕೊಳ್ಳಿ, ಬಟ್ಟಲುಗಟ್ಟಲೆ ಬೇಡ, ಮರುವಾರ ಐಎನ್‌ಆರ್ ಮಾಡಿಸಿ. ಮೈಕೈ ನೋವಿಗೆ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗುವುದು ಸೊಪ್ಪಿಗಿಂತ ಎಷ್ಟೋ ಅಪಾಯ. ಪ್ಯಾರಾಸಿಟಮಾಲ್ ಸಾಕು. ಅದೂ ಮೂರು ನಾಲ್ಕು ದಿನ ಮೀರಿ ಬೇಕಾದರೆ ಡಾಕ್ಟರಿಗೆ ಹೇಳಿ.

ಜಿಗಣೆ, ನಾವು ಇಂಬಳ ಅನ್ನುತ್ತೇವಲ್ಲ, ಅದರ ಎಂಜಲಲ್ಲೇ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಇದೆ. ನಿಮ್ಮ ಮಾತ್ರೆಯೂ ಸೇರಿದರೆ ಒಂದು ಸಣ್ಣ ಕಚ್ಚಿನಿಂದ ಗಂಟೆಗಟ್ಟಲೆ ಒಸರುತ್ತದೆ. ಗದ್ದೆಗೆ, ತೋಟಕ್ಕೆ ಇಳಿಯುವಾಗ ಉದ್ದದ ಕಾಲುಚೀಲ ಹಾಕಿ. ಕಚ್ಚಿದರೆ ಕಿತ್ತು ಎಳೆಯಬೇಡಿ, ಉಗುರಿನಿಂದ ಬಾಯಿಯ ಕಡೆ ಮೆಲ್ಲನೆ ಸರಿಸಿ ಬಿಡಿಸಿ, ಸೋಪು ನೀರಿನಲ್ಲಿ ತೊಳೆದು, ಶುದ್ಧ ಬಟ್ಟೆ ಮಡಚಿ ಇಪ್ಪತ್ತು ನಿಮಿಷ ಒತ್ತಿ ಹಿಡಿಯಿರಿ. ಮಧ್ಯೆ ಎತ್ತಿ ಎತ್ತಿ ನೋಡಬೇಡಿ, ಅದರಿಂದಲೇ ನಿಲ್ಲದೆ ಹೋಗುವುದು. ಅಷ್ಟಾದರೂ ನಿಲ್ಲದಿದ್ದರೆ, ಅಥವಾ ಒಸಡಿನಲ್ಲಿ, ಮೂತ್ರದಲ್ಲಿ ರಕ್ತ ಕಂಡರೆ, ಅದೇ ದಿನ ಐಎನ್‌ಆರ್ ನೋಡಿಸಿ. ನಿಮ್ಮ ಐಎನ್‌ಆರ್ ಪುಸ್ತಕವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಜೊತೆಗೇ ಇಟ್ಟುಕೊಳ್ಳಿ, ಮಳೆಯಲ್ಲಿ ಒದ್ದೆಯಾಗಿ ಅಂಕಿಗಳೆಲ್ಲ ಕರಗಿಹೋದ ಪುಸ್ತಕಗಳು ಪ್ರತಿ ಆಗಸ್ಟಿನಲ್ಲೂ ನನ್ನ ಮೇಜಿಗೆ ಬರುತ್ತವೆ.